ಬೆನ್ನಿಗೆ ಪೆಟ್ಟಾದ ಮೇಲೆ ಮೂರು ಗಾಲಿಯ ಒರಗು ಸೈಕಲ್: ಆರಿಸುವುದರಿಂದ ರಸ್ತೆಗೆ ಇಳಿಸುವವರೆಗೆ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ಒಂದು ತೊಗರಿ ಚೀಲಕ್ಕೆ ಕೈ ಹಾಕಿದ್ದೆ. ಬಗ್ಗಿದೆ, ಸ್ವಲ್ಪ ತಿರುಗಿದೆ, ಎತ್ತಿದೆ. ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಸೊಂಟದ ಎಲ್ 4, ಎಲ್ 5 ಎಲುಬುಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹೊರಗೆ ಉಬ್ಬಿತ್ತು. ಕೆಲವು ತಿಂಗಳ ಮೇಲೆ ನಡೆಯಲು ಬಂತು. ಸೈಕಲ್ ಮಾತ್ರ ಬರಲಿಲ್ಲ. ಕಾಲು ಎತ್ತಿ ಸೀಟಿನ ಆಚೆ ಹಾಕುವಾಗ ನೋವು. ಹ್ಯಾಂಡಲ್ ಮೇಲೆ ಬಗ್ಗಿದರೆ ನೋವು. ಬ್ಯಾಲೆನ್ಸ್ ತಪ್ಪಿ ಗಬಕ್ಕನೆ ಕಾಲೂರಿದರೆ ಮೀನಖಂಡದವರೆಗೂ ಕರೆಂಟ್ ಹೊಡೆದ ಹಾಗೆ.

ಈಗ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಗುಲಬರ್ಗಾ ವಿಶ್ವವಿದ್ಯಾಲಯದ ಕಡೆ ಹೋಗಿ ಬರುತ್ತೇನೆ. ಹೋಗುವುದು ರಿಕಂಬೆಂಟ್ ಟ್ರೈಕ್ ಮೇಲೆ. ಆರಾಮ ಕುರ್ಚಿಯಂಥ ಸೀಟಿಗೆ ಒರಗಿ, ಕಾಲು ಮುಂದೆ ಚಾಚಿ ಪೆಡಲ್ ತುಳಿಯುವ ಮೂರು ಗಾಲಿಯ ಸೈಕಲ್ಲು. ಬೆನ್ನು ನೋವಿನವರು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ: ನಮಗೂ ಆಗ್ತದೇನ್ರಿ? ಅವರಿಗೆಲ್ಲ ನಿಂತಲ್ಲೇ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಇಷ್ಟು ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗಾಡಿಯ ಮೇಲೆ ಕೂತಾಗ ಎಲ್ಲರಿಗೂ ಹಾಯ್ ಅನಿಸುತ್ತದೆ. ಅದನ್ನು ನಂಬಿ ಕೊಳ್ಳಬೇಡಿ. ಅದರಿಂದ ಹೇಗೆ ಏಳುತ್ತೀರಿ, ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಹೇಗೆ ಏಳುತ್ತೀರಿ ಅನ್ನುವುದನ್ನು ನೋಡಿ ಕೊಳ್ಳಿ.

ಮೊದಲು ಡಾಕ್ಟರ ಹತ್ತಿರ

"ಸೈಕಲ್ ಹೊಡೀಬಹುದಾ?" ಅಂತ ಸುಮ್ನೆ ಕೇಳಿದರೆ ಅವರ ಕಣ್ಣಿಗೆ ಬರುವುದು ಸಾಮಾನ್ಯ ಸೈಕಲ್ಲು. ಒರಗು ಸೈಕಲ್ಲಿನ ಚಿತ್ರ ಮೊಬೈಲಿನಲ್ಲಿ ತೋರಿಸಿ ಕೇಳಿ. ನನಗೆ ಮುಂದೆ ಬಗ್ಗುವುದು ಕೆಟ್ಟದ್ದೋ, ಹಿಂದೆ ಬಾಗುವುದು ಕೆಟ್ಟದ್ದೋ? ಎಷ್ಟು ಹೊತ್ತು ಕೂರಬಹುದು? ಎಷ್ಟು ಕಿಲೋ ಎತ್ತಬಹುದು? ಜರ್ಕ್ ತಡೆಯುವಷ್ಟು ಮೂಳೆ ಗಟ್ಟಿ ಇದೆಯಾ?

ಮೊದಲನೆಯ ಪ್ರಶ್ನೆ ಬಹಳ ಮುಖ್ಯ. ಬೆನ್ನೆಲುಬಿನೊಳಗೆ ನರ ಹಾಯುವ ಕೊಳವೆ ಸಣ್ಣದಾದವರಿಗೆ ಸೊಂಟ ಸ್ವಲ್ಪ ಮುಂದೆ ಬಾಗಿದರೆ ಹಗುರ ಅನಿಸುತ್ತದೆ. ಡಿಸ್ಕ್ ಉಬ್ಬಿದ ನನ್ನಂಥವರಲ್ಲಿ ಬಹಳ ಜನಕ್ಕೆ ಅದೇ ಬಾಗು ನೋವು ತರುತ್ತದೆ. ಇಬ್ಬರಿಗೂ ಬೆನ್ನು ನೋವೇ, ಆದರೆ ಬೇಕಾದ ಸೀಟು ಬೇರೆ. ಗೆಳೆಯನಿಗೆ ಹಿಡಿಸಿತು ಅಂತ ನೀವೂ ಅದನ್ನೇ ಕೊಳ್ಳಬೇಡಿ. ಮೂಳೆ ಟೊಳ್ಳಾಗಿ ಬೆನ್ನೆಲುಬು ಕುಸಿದವರು, ಸ್ಕ್ರೂ ಹಾಕಿಸಿಕೊಂಡು ಮೂಳೆ ಇನ್ನೂ ಕೂಡುತ್ತಿರುವವರು ಡಾಕ್ಟರ ಒಪ್ಪಿಗೆ ಇಲ್ಲದೆ ಮುಂದಕ್ಕೆ ಹೋಗಲೇಬಾರದು.

ಮೂತ್ರ, ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಪಾದ ಎತ್ತಲು ಬಾರದಿದ್ದರೆ ಸೈಕಲ್ ವಿಚಾರ ಬಿಡಿ. ಅವತ್ತೇ, ಆಗಲೇ ಆಸ್ಪತ್ರೆಗೆ ಹೋಗಿ.

ಮನೆಯಲ್ಲೇ ಒಂದು ಪರೀಕ್ಷೆ

ಇದು ನಮ್ಮ ಊರಿನ ಸೈಕಲ್ ಅಂಗಡಿಗೆ ಹೋಗಿ ಕೂತು ನೋಡಿ ತರುವ ವಸ್ತು ಅಲ್ಲ. ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ನೋಡುವ ಮುಂಚೆ ಮನೆಯಲ್ಲೇ ಅರ್ಧ ಉತ್ತರ ಸಿಗುತ್ತದೆ.

ಆರಾಮ ಕುರ್ಚಿಗೆ ಒರಗಿ ಕೂರಿ. ಮುಂದೆ ಒಂದು ಸ್ಟೂಲ್ ಇಟ್ಟು ಎರಡೂ ಹಿಮ್ಮಡಿ ಅದರ ಮೇಲೆ ಇಡಿ. ಸ್ಟೂಲ್ ಮೊದಲು ಕುರ್ಚಿಗಿಂತ ತಗ್ಗಾಗಿರಲಿ. ಆಮೇಲೆ ಪುಸ್ತಕ ಪೇರಿಸಿ ಸೀಟಿನ ಮಟ್ಟಕ್ಕೆ ತನ್ನಿ, ಆಮೇಲೆ ಒಂದು ಗೇಣು ಮೇಲಕ್ಕೆ. ಪ್ರತಿ ಎತ್ತರದಲ್ಲೂ ಒಂದೊಂದು ಕಾಲನ್ನು ನಿಧಾನ ನೀಟಾಗಿ ಚಾಚಿ ನೋಡಿ. ಯಾವ ಎತ್ತರದಲ್ಲಿ ಕುಂಡಿಯಿಂದ ಮೀನಖಂಡಕ್ಕೆ ಸೆಳೆತ ಶುರುವಾಗುತ್ತದೋ ಅದಕ್ಕಿಂತ ಕೆಳಗೆ ಪೆಡಲ್ ಇರುವ ಗಾಡಿಯೇ ನಿಮಗೆ ಬೇಕು. ವೇಗದ ಟ್ರೈಕ್‌ಗಳಲ್ಲಿ ಪೆಡಲ್ ಸೀಟಿಗಿಂತ ಮೇಲಿರುತ್ತದೆ, ಕಾಲಿನ ನರ ಅಲ್ಲಿ ಜಾಸ್ತಿ ಎಳೆಯುತ್ತದೆ. ನನಗೆ ಪೆಡಲ್ ಸೀಟಿನ ಮಟ್ಟಕ್ಕೆ ಬಂದರೆ ಸಾಕು, ಸೆಳೆತ ಶುರು.

ಆಮೇಲೆ ಆರಾಮ ಅನಿಸಿದ ಎತ್ತರದಲ್ಲಿ ಇಪ್ಪತ್ತು ನಿಮಿಷ ಕೂತು, ಎದ್ದು ನಡೆಯಿರಿ. ಮೊದಲ ಹತ್ತು ಹೆಜ್ಜೆ ಹೇಗಿದ್ದವು ಅಂತ ಬರೆದಿಟ್ಟುಕೊಳ್ಳಿ.

ಬಾಗಿಲೂ ಅಳೆಯಿರಿ. ಹೆಚ್ಚಿನ ಟ್ರೈಕ್‌ಗಳ ಅಗಲ 75ರಿಂದ 85 ಸೆಂಟಿಮೀಟರ್. ಹಳೆ ಮನೆಗಳ ಎಷ್ಟೋ ಬಾಗಿಲು ಇದಕ್ಕೆ ಸಾಲುವುದಿಲ್ಲ. ಗಾಡಿ 15ರಿಂದ 20 ಕಿಲೋ ತೂಗುತ್ತದೆ, ಸಸ್ಪೆನ್ಶನ್ ಇದ್ದರೆ ಇನ್ನೂ ಜಾಸ್ತಿ. ದಿನಾ ಅದನ್ನು ಮೆಟ್ಟಿಲು ಹತ್ತಿಸಿ ಇಳಿಸುವ ಹಾಗಾದರೆ ಇಷ್ಟೆಲ್ಲ ಮಾಡಿ ಏನು ಉಪಯೋಗ? ನಾನು ಅಂಗಳದ ಮೆಟ್ಟಿಲ ಪಕ್ಕ ಶಹಾಬಾದ್ ಫರ್ಸಿ ಕಲ್ಲಿನ ಒಂದು ಉದ್ದ ತುಂಡು ಇಳಿಜಾರಾಗಿ ಹಾಕಿಸಿದೆ. ಮಳೆಯಲ್ಲಿ ಜಾರಬಾರದು ಅಂತ ಉಳಿಯಿಂದ ಗೀರು ಹೊಡೆಸಿದೆ. ಈಗ ಒಂದೇ ಕೈಯಲ್ಲಿ ತಳ್ಳಿಕೊಂಡು ಒಳಗೆ ತರುತ್ತೇನೆ.

ಯಾವ ಗಾಡಿ?

ಟ್ರೈಕ್‌ನಲ್ಲಿ ಎರಡು ಜಾತಿ. ಮುಂದೆ ಎರಡು ಗಾಲಿ, ಹಿಂದೆ ಒಂದು ಇದ್ದರೆ ಟ್ಯಾಡ್‌ಪೋಲ್, ಅಂದರೆ ಗೊದಮೊಟ್ಟೆ. ಮುಂದೆ ಒಂದು, ಹಿಂದೆ ಎರಡು ಇದ್ದರೆ ಡೆಲ್ಟಾ, ನಮ್ಮ ಟಂಟಂ ಆಟೋ ಹಾಗೆ. ಡೆಲ್ಟಾದ ಸೀಟು ಸಾಮಾನ್ಯವಾಗಿ ಎತ್ತರ. ಪಕ್ಕದಿಂದ ಬಂದು ಕುರ್ಚಿಗೆ ಕೂತಂತೆ ಕೂರಬಹುದು. ಸಣ್ಣ ಜಾಗದಲ್ಲಿ ತಿರುಗುತ್ತದೆ. ಆದರೆ ವೇಗದಲ್ಲಿ ತಿರುವು ತೆಗೆದುಕೊಂಡರೆ ಬೇಗ ವಾಲುತ್ತದೆ. ಟ್ಯಾಡ್‌ಪೋಲ್ ನೆಲಕ್ಕೆ ಅಂಟಿದಂತೆ ಓಡುತ್ತದೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಮುಂದಿನ ಎರಡು ಗಾಲಿಗಳ ನಡುವೆ ನಿಂತು ಹಿಮ್ಮುಖವಾಗಿ ಇಳಿದು ಕೂರಬೇಕು. ಮೊಣಕಾಲೂ ನೋಯುವವರಿಗೆ, ವಯಸ್ಸಾದವರಿಗೆ, ಬಡಾವಣೆಯೊಳಗೇ ಓಡಿಸುವವರಿಗೆ ಡೆಲ್ಟಾ ಸಾಕು. ದೊಡ್ಡ ರಸ್ತೆಗೆ ಹೋಗುವವರಿಗೆ ನಾನು ಟ್ಯಾಡ್‌ಪೋಲ್ ಅನ್ನೇ ಹೇಳುತ್ತೇನೆ. ಅದರಲ್ಲೂ ಎತ್ತರದ ಸೀಟಿನದು.

ಎತ್ತರ ಅಂದರೆ ಎಷ್ಟು? ಮನೆಯ ಕುರ್ಚಿ ಸುಮಾರು 45 ಸೆಂಟಿಮೀಟರ್ ಇರುತ್ತದೆ. ವೇಗದ ಟ್ರೈಕ್‌ಗಳ ಸೀಟು ಇದರ ಅರ್ಧ. ಅಷ್ಟು ಕೆಳಗಿಂದ ಏಳಬೇಕಾದರೆ ಬೆನ್ನು ಬಗ್ಗಿಸಲೇಬೇಕು, ಬೇರೆ ದಾರಿ ಇಲ್ಲ. 40 ಸೆಂಟಿಮೀಟರಿಗಿಂತ ತಗ್ಗಿದ್ದರೆ ಬೇಡ ಅನ್ನುವುದು ನನ್ನ ಲೆಕ್ಕ. ಟೆರಾಟ್ರೈಕ್ ಕಂಪನಿಯ ರೋವರ್ ಎತ್ತರದ ಸೀಟಿನದು. ಬ್ರಿಟನ್ನಿನ ಐಸ್ ಕಂಪನಿಯಲ್ಲಿ ಅಡ್ವೆಂಚರ್ ಅನ್ನುವುದು ಅವರ ವೇಗದ ಮಾದರಿಗಳಿಗಿಂತ ಎತ್ತರ. ಹೊಸದು ತರಿಸಿದರೆ ಲಕ್ಷಗಳ ಲೆಕ್ಕ, ಮೇಲೆ ಸಾಗಣೆ, ಸುಂಕ. ನಾನು ತಂದದ್ದು ಬೆಂಗಳೂರಿನಿಂದ, ಸೆಕೆಂಡ್ ಹ್ಯಾಂಡ್, ಟ್ರಾನ್ಸ್‌ಪೋರ್ಟ್ ಲಾರಿಯಲ್ಲಿ.

ಇನ್ನು ಸಸ್ಪೆನ್ಶನ್. ಈ ವಿಷಯದಲ್ಲಿ ಹಣ ಉಳಿಸಬೇಡಿ. ಸಾಮಾನ್ಯ ಸೈಕಲ್ಲಿನಲ್ಲಿ ಕುಣಿ ಬಂದರೆ ಸೀಟಿನಿಂದ ಎದ್ದು ಕಾಲ ಮೇಲೆ ಭಾರ ತೆಗೆದುಕೊಳ್ಳುತ್ತೇವೆ. ಟ್ರೈಕ್‌ನಲ್ಲಿ ಏಳಲು ಬರುವುದಿಲ್ಲ, ಪೆಟ್ಟು ನೇರ ಬೆನ್ನಿಗೆ. ಮೇಲಾಗಿ ಗಾಲಿಗಳು ಮೂರು ಬೇರೆ ಬೇರೆ ಸಾಲಿನಲ್ಲಿ ಓಡುತ್ತವೆ. ಒಂದು ಗಾಲಿಯನ್ನು ಕುಣಿಯಿಂದ ತಪ್ಪಿಸಿದರೆ ಇನ್ನೊಂದು ಬೀಳುತ್ತದೆ. ಟ್ಯಾಡ್‌ಪೋಲ್‌ನ ಹಿಂದಿನ ಗಾಲಿ ನಿಮ್ಮ ಬೆನ್ನ ಹಿಂದೆಯೇ ಇರುತ್ತದೆ, ಹೆಚ್ಚು ಪೆಟ್ಟು ಕೊಡುವುದು ಅದೇ. ಅದಕ್ಕೆ ಹಿಂದಿನ ಸಸ್ಪೆನ್ಶನ್ ಕಡ್ಡಾಯ ಅಂತಲೇ ತಿಳಿಯಿರಿ. ಎಚ್‌ಪಿ ವೆಲೋಟೆಕ್ನಿಕ್ ಎಂಬ ಜರ್ಮನ್ ಕಂಪನಿಯ ಸ್ಕಾರ್ಪಿಯನ್ ಎಫ್‌ಎಸ್‌ನಂಥ ಮಾದರಿಗಳಲ್ಲಿ ಮೂರೂ ಗಾಲಿಗೆ ಸಸ್ಪೆನ್ಶನ್ ಇರುತ್ತದೆ. ಸಸ್ಪೆನ್ಶನ್ ಇಲ್ಲದ ಗಾಡಿಯೇ ಸಿಕ್ಕಿದರೆ ಫ್ರೇಮ್ ಒಳಗೆ ಹಿಡಿಸುವಷ್ಟು ದಪ್ಪ ಟೈರ್ ಹಾಕಿಸಿ. 50 ಮಿಲಿಮೀಟರ್ ಟೈರಿಗೆ ಕಲ್ಲಿನಂತೆ ಹವಾ ತುಂಬಬೇಡಿ. ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಳಗೆ, ನಾನು 35ರಿಂದ 40 ಪಿಎಸ್‌ಐ ಇಡುತ್ತೇನೆ.

ಗೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅತಿ ಹಗುರ ಗೇರ್ ಇರಲೇಬೇಕು. ಮೂರು ಗಾಲಿ ಇರುವುದರಿಂದ ನಡಿಗೆಗಿಂತ ನಿಧಾನ ಹೋದರೂ ಬೀಳುವುದಿಲ್ಲ. ಮೋಟಾರ್ ಜೋಡಿಸುವ ಆಸೆ ಇದ್ದರೆ, 250 ವ್ಯಾಟ್‌ಗಿಂತ ಕಡಿಮೆ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಓಡುವಂಥದ್ದು ಇರಲಿ. ಅದರಾಚೆಗೆ ಹೋದರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನ.

ಸೀಟು ಹೊಂದಿಸುವುದು: ಹೊರಸಿನ ಪಾಠ

ಹೆಚ್ಚಿನ ಟ್ರೈಕ್‌ಗಳ ಸೀಟು ಜಾಳಿಗೆ ಬಟ್ಟೆಯದು. ಹಿಂದೆ ಪಟ್ಟಿಗಳಿಂದ ಬಿಗಿದಿರುತ್ತಾರೆ. ಅಜ್ಜಿಯ ಮನೆಯ ನವಾರದ ಹೊರಸು ನೆನಪಿಸಿಕೊಳ್ಳಿ. ನವಾರ ಸಡಿಲಾದರೆ ನಡು ತಗ್ಗಿ, ಮಲಗಿದವರ ಸೊಂಟ ಕುಳಿಯಲ್ಲಿ ಇಳಿಯುತ್ತದೆ, ಬೆಳಿಗ್ಗೆ ಏಳಲು ಆಗುವುದಿಲ್ಲ ಅಲ್ವಾ? ಇಲ್ಲೂ ಅದೇ ಕತೆ. ನನ್ನ ಗಾಡಿ ಬಂದಾಗ ಆರು ಪಟ್ಟಿಗಳಲ್ಲಿ ನಡುವಿನ ಎರಡು ಸಡಿಲಾಗಿದ್ದವು. ಎರಡು ವಾರ ಅದನ್ನು ಗಮನಿಸದೆ ಓಡಿಸಿ ನೋವು ತಿಂದೆ. ಆಮೇಲೆ ಮನೆಯವಳು ಹಿಂದೆ ನಿಂತು, ನಾನು ಕೂತಿರುವಾಗ, ಬೆಲ್ಟಿನ ಮಟ್ಟದ ಪಟ್ಟಿಯನ್ನು ಒಂದೊಂದೇ ತೂತು ಬಿಗಿಮಾಡುತ್ತಾ ಬಂದಳು. ಮೂರನೆಯ ತೂತಿಗೆ "ಹಾಂ, ಇಷ್ಟ ಸಾಕು" ಅಂದೆ. ಸೊಂಟದ ಒಳಬಾಗು ತುಂಬಿತು, ಕುಂಡಿ ಹಿಂದಕ್ಕೆ ಸರಿಯಾಗಿ ಕೂತಿತು. ಕೂತವರೇ ಹಿಂದಕ್ಕೆ ತಿರುಗಿ ಪಟ್ಟಿ ಎಳೆಯಲು ಹೋಗಬೇಡಿ. ಇನ್ನೊಬ್ಬರು ಬೇಕು.

ಒರಗುವ ಕೋನ ಎಷ್ಟಿರಬೇಕು? ಬಹಳ ಒರಗಿದರೆ ಬೆನ್ನಿನ ಭಾರ ಸೀಟಿಗೆ ಹಂಚಿಕೆಯಾಗುತ್ತದೆ, ಆದರೆ ರಸ್ತೆ ನೋಡಲು ಕುತ್ತಿಗೆ ಎತ್ತಿ ಹಿಡಿಯಬೇಕು. ನೆಟ್ಟಗೆ ಕೂತರೆ ಭಾರವೆಲ್ಲ ಸೊಂಟಕ್ಕೆ. ನೆಲದಿಂದ 45 ಡಿಗ್ರಿ ಆಸುಪಾಸಿನಲ್ಲಿ ಶುರು ಮಾಡಿ, ದಿನಕ್ಕೊಂದು ಸಲ ಸ್ವಲ್ಪವೇ ಬದಲಿಸಿ ನೋಡಿ. ಒಂದೇ ದಿನ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ.

ಪೆಡಲ್ ದೂರ ಹೀಗೆ ನೋಡಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅದನ್ನು ಅತಿ ದೂರಕ್ಕೆ ತಿರುಗಿಸಿ. ಕಾಲು ಆಗ ನೇರವಾಗಬೇಕು, ಸೊಂಟ ಅಲುಗಬಾರದು. ಆಮೇಲೆ ಮುಂಗಾಲು ಇಟ್ಟರೆ ಮೊಣಕಾಲಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ, ಅದೇ ಸರಿ. ದೂರ ಜಾಸ್ತಿಯಾದರೆ ಪ್ರತಿ ಸುತ್ತಿಗೂ ಸೊಂಟ ಆಕಡೆ ಈಕಡೆ ಉಜ್ಜುತ್ತದೆ. ಸಾವಿರಾರು ಸುತ್ತು ಉಜ್ಜಿದರೆ ಯಾವ ಬೆನ್ನು ತಡೆದೀತು? ಹತ್ತಿರವಾದರೆ ಮೊಣಕಾಲು ನೋಯುತ್ತದೆ. ಪೆಡಲ್ ಕೂತಿರುವ ಮುಂದಿನ ಕೊಳವೆ ಸಡಿಲಿಸಿ ಐದು ಮಿಲಿಮೀಟರಿನಂತೆ ಸರಿಸಿ. ಜಾಸ್ತಿ ಸರಿಸಿದರೆ ಚೈನಿನ ಉದ್ದವೂ ಬದಲಾಗಬೇಕು, ಪಾನಾ ಹಿಡಿಯುವ ಮುಂಚೆ ಅದು ನೆನಪಿರಲಿ.

ಪಾದ ಕಟ್ಟದೆ ಒಂದು ಅಡಿಯೂ ಬೇಡ

ಇದನ್ನು ಎರಡು ಸಲ ಓದಿ. ಒರಗು ಟ್ರೈಕ್‌ನಲ್ಲಿ ಪಾದ ಪೆಡಲಿನಿಂದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಮುಂದಕ್ಕೆ ಓಡುತ್ತಲೇ ಇರುತ್ತದೆ. ಕಾಲು ಫ್ರೇಮಿನ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಕೊಂಡು ಹಿಂದಕ್ಕೆ ಮಡಚುತ್ತದೆ. ಕಣಕಾಲು ಮುರಿಯಬಹುದು, ಬೆನ್ನು ತಿರುಚಬಹುದು. ನನಗೆ ಗಾಡಿ ಮಾರಿದವರು ಒಳ್ಳೆ ಪೆಡಲ್ ಬಿಚ್ಚಿಟ್ಟುಕೊಂಡು ಬರೀ ಸಪಾಟು ಪೆಡಲ್ ಹಾಕಿ ಕಳಿಸಿದ್ದರು. ಮೂರನೆಯ ದಿನ ಒಂದು ಹಂಪ್ ಮೇಲೆ ಎಡಪಾದ ಜಾರಿತು. ನಡಿಗೆ ವೇಗದಲ್ಲಿ ಇದ್ದೆ, ಬ್ರೇಕ್ ಹಿಡಿದೆ, ಚಪ್ಪಲಿ ಮಾತ್ರ ಹೋಯಿತು. ಅವತ್ತೇ ಹಿಮ್ಮಡಿ ಹಿಡಿಯುವ ಬಟ್ಟಲು ಮತ್ತು ಮುಂಗಾಲಿಗೆ ವೆಲ್ಕ್ರೋ ಪಟ್ಟಿ ಹಾಕಿಸಿದೆ. ಪೆಡಲಿಗೆ ಕಚ್ಚಿಕೊಳ್ಳುವ ಕ್ಲಿಪ್ ಶೂ ಹಾಕುವವರಿಗೆ ಅದೂ ಆಗುತ್ತದೆ, ಆದರೆ ಬಿಡಿಸಲು ಹಿಮ್ಮಡಿ ಹೊರಗೆ ತಿರುಗಿಸಬೇಕು. ಆ ತಿರುಗು ನಿಮ್ಮ ಸೊಂಟಕ್ಕೆ ನೋವು ಕೊಡುತ್ತದಾ ಅಂತ ಮೊದಲು ನೋಡಿ. ಚಪ್ಪಲಿ ಬೇಡವೇ ಬೇಡ. ಲುಂಗಿ, ಪಂಚೆಯೂ ಬೇಡ.

ಕೂರುವುದು, ಏಳುವುದು

ಟ್ಯಾಡ್‌ಪೋಲ್‌ಗೆ ಹೀಗೆ. ಮೊದಲು ಪಾರ್ಕಿಂಗ್ ಬ್ರೇಕ್ ಹಾಕಿ. ಹಾಕದೆ ಕೂತರೆ ಗಾಡಿ ಸರಿದು ನೆಲಕ್ಕೆ ಬೀಳುತ್ತೀರಿ, ನಮ್ಮ ಬೆನ್ನಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಮುಂದಿನ ಕೊಳವೆಯ ಆಚೆ ಈಚೆ ಕಾಲಿಟ್ಟು, ಸೀಟಿಗೆ ಬೆನ್ನು ಮಾಡಿ ನಿಲ್ಲಿ. ಮೀನಖಂಡ ಸೀಟಿನ ಅಂಚಿಗೆ ಹತ್ತಿರ ಬರಲಿ. ಎರಡೂ ಕೈಗೆ ಗಟ್ಟಿ ಹಿಡಿ ಸಿಗಬೇಕು. ಕಂಪನಿಗಳು ಇದಕ್ಕೆಂದೇ ಎತ್ತರದ ಹಿಡಿ ಮಾರುತ್ತವೆ. ಇಲ್ಲದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಸೀಟಿನ ಫ್ರೇಮಿಗೆ ಕ್ಲ್ಯಾಂಪ್ ಆಗುವ ಪೈಪ್ ಮಾಡಿಸಬಹುದು. ಟ್ರೈಕ್‌ನ ಫ್ರೇಮಿಗೇ ವೆಲ್ಡ್ ಮಾಡಿಸಬೇಡಿ, ಬಹಳ ಗಾಡಿಗಳ ಫ್ರೇಮ್ ಅಲ್ಯೂಮಿನಿಯಂ. ಕೈಗೆ ಭಾರ ಕೊಟ್ಟು, ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಟ್ಟು ಇಳಿಯಿರಿ.

ಏಳುವಾಗ ಅವಸರ ಬೇಡ. ಪಾದ ಎರಡೂ ಸೀಟಿನ ಹತ್ತಿರಕ್ಕೆ ಎಳೆದುಕೊಳ್ಳಿ. ಕುಂಡಿ ಸೀಟಿನ ಅಂಚಿಗೆ ತನ್ನಿ. ಉಸಿರು ಬಿಡುತ್ತಾ ಕೈಯಿಂದ ತಳ್ಳಿ ಎದ್ದು ನಿಲ್ಲಿ. ನಿಂತ ಮೇಲೆ ಐದಾರು ಎಣಿಸಿ, ಆಮೇಲೆ ಹೆಜ್ಜೆ ಇಡಿ. ಮೊದಲ ವಾರ ಗಾಡಿ ಓಡಿಸಬೇಡಿ, ಅಂಗಳದಲ್ಲಿ ದಿನಕ್ಕೆ ನಾಲ್ಕೈದು ಸಲ ಕೂತು ಏಳುವುದಷ್ಟೇ ಮಾಡಿ. ಇದು ಸುಲಭ ಆಗದಿದ್ದರೆ ಆ ಗಾಡಿ ನಿಮ್ಮದಲ್ಲ.

ಮೊದಲ ಎರಡು ತಿಂಗಳು

ಎರಡನೆಯ ವಾರದಿಂದ ದಿನ ಬಿಟ್ಟು ದಿನ ಹತ್ತು ನಿಮಿಷ. ಹಗುರ ಗೇರಿನಲ್ಲಿ ಕಾಲು ಬೇಗ ಬೇಗ ತಿರುಗಲಿ, ನಿಮಿಷಕ್ಕೆ 70, 80 ಸುತ್ತು. ಭಾರದ ಗೇರ್ ಹಾಕಿ ಒತ್ತಿ ತುಳಿದರೆ ಬೆನ್ನು ಸೀಟಿಗೆ ಆತು ಮೈಯ ತೂಕಕ್ಕಿಂತ ಜಾಸ್ತಿ ಬಲ ಬೀಳುತ್ತದೆ. ಅದು ಮೊಣಕಾಲಿಗೂ ಕೆಟ್ಟದ್ದು, ಡಿಸ್ಕಿಗೂ ಕೆಟ್ಟದ್ದು. ನಿಲ್ಲುವ ಮುಂಚೆಯೇ ಗೇರ್ ಇಳಿಸುವ ರೂಢಿ ಮಾಡಿಕೊಳ್ಳಿ. ಸಾಮಾನ್ಯ ಗೇರ್ ನಿಂತ ಮೇಲೆ ಬದಲಾಗುವುದಿಲ್ಲ.

ಮಾರನೆಯ ಬೆಳಿಗ್ಗೆ ಎದ್ದಾಗ ಬಿಗಿತ ಎಂದಿನಷ್ಟೇ ಇದ್ದರೆ ಮುಂದಿನ ವಾರ ಐದು ನಿಮಿಷ ಸೇರಿಸಿ. ಬಿಗಿತ ಜಾಸ್ತಿ ಇದ್ದರೆ ಹಿಂದಿನ ವಾರಕ್ಕೆ ಇಳಿಯಿರಿ. ನೋವು ಎಲ್ಲಿದೆ ಅಂತಲೂ ನೋಡಿ. ಪಾದದಲ್ಲಿದ್ದದ್ದು ತೊಡೆಗೆ, ತೊಡೆಯದು ಸೊಂಟಕ್ಕೆ ಏರಿ ಬರುತ್ತಿದ್ದರೆ ಒಳ್ಳೆ ಲಕ್ಷಣ. ಸೊಂಟದಿಂದ ಪಾದದ ಕಡೆ ಇಳಿಯುತ್ತಿದ್ದರೆ ನಿಲ್ಲಿಸಿ, ಫಿಜಿಯೋಥೆರಪಿಯವರಿಗೆ ತೋರಿಸಿ.

ಕಲಬುರಗಿಯ ರಸ್ತೆಯಲ್ಲಿ

ನಮ್ಮ ಊರು ಬಹುಪಾಲು ಸಪಾಟು, ಇದು ದೊಡ್ಡ ಅನುಕೂಲ. ಮೊದಲು ನಿಮ್ಮ ಓಣಿ, ಆಮೇಲೆ ಅಪ್ಪನ ಕೆರೆಯ ಸುತ್ತಮುತ್ತ, ಆಮೇಲೆ ಸೇಡಂ ರಸ್ತೆಯ ಕಡೆ ಬೆಳಗಿನ ಹೊತ್ತು. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್ ಕಡೆ ಹಗಲು ಹೊತ್ತು ಹೋಗಬೇಡಿ. ರಿಂಗ್ ರೋಡಂತೂ ಬೇಡ. ಲಾರಿಯ ಡ್ರೈವರಿಗೆ ನೀವು ಕಾಣುವುದಿಲ್ಲ. ಐದಾರು ಅಡಿ ಎತ್ತರದ ಕೋಲಿಗೆ ಕೇಸರಿ ಬಾವುಟ ಕಟ್ಟಿ, ಹಗಲಲ್ಲೂ ಹಿಂದೆ ಕೆಂಪು ಲೈಟ್ ಮಿನುಗಲಿ. ಕನ್ನಡಿ ಎರಡೂ ಕಡೆ ಬೇಕು, ತಿರುಗಿ ನೋಡುವುದು ನಮ್ಮ ಬೆನ್ನಿಗೆ ಆಗದ ಕೆಲಸ.

ಹಂಪ್ ಬಂದರೆ ನೇರವಾಗಿ ಹೋಗಿ, ಮುಂದಿನ ಎರಡೂ ಗಾಲಿ ಒಟ್ಟಿಗೆ ಹತ್ತಲಿ. ಓರೆಯಾಗಿ ಹತ್ತಿಸಿದರೆ ಮೈ ತಿರುಚುತ್ತದೆ. ಹಿಂದಿನ ಗಾಲಿ ಹತ್ತುವ ಹೊತ್ತಿಗೆ ಹೊಟ್ಟೆ ಸ್ವಲ್ಪ ಬಿಗಿ ಹಿಡಿದು ಉಸಿರು ಬಿಡಿ. ತಿರುವಿಗೆ ಮುಂಚೆಯೇ ನಿಧಾನ ಮಾಡಿ. ತಿರುವಿನಲ್ಲಿ ಗಟ್ಟಿ ಬ್ರೇಕ್ ಹಿಡಿದರೆ ಒಳಗಿನ ಗಾಲಿ ಏಳುತ್ತದೆ, ಬೇರೆಯವರ ಹಾಗೆ ಮೈ ವಾಲಿಸಿ ಸರಿಮಾಡಲು ನಮಗೆ ಬರುವುದಿಲ್ಲ. ನಾಯಿಗಳಿಗೆ ನಿಮ್ಮ ಮುಖ ಅವುಗಳ ಮಟ್ಟದಲ್ಲಿ ಕಾಣುತ್ತದೆ, ಬೆನ್ನಟ್ಟುತ್ತವೆ. ವೇಗ ಹೆಚ್ಚಿಸಬೇಡಿ. ನಿಂತು ಗಟ್ಟಿಯಾಗಿ ಗದರಿ, ಅವು ಹಿಂದೆ ಸರಿದ ಮೇಲೆ ಹೊರಡಿ. ಮಕ್ಕಳು ಓಡಿ ಬಂದು "ಕಾಕಾ, ಮಲ್ಕೊಂಡೇ ಹೊಂಟೀರಲ್ರೀ!" ಅನ್ನುತ್ತಾರೆ. ನಿಂತು ತೋರಿಸಿ, ಅವರ ಮನೆಯಲ್ಲೂ ಬೆನ್ನು ನೋವಿನ ಅಜ್ಜ ಇರಬಹುದು.

ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಹೊಸದಲ್ಲ. ಡಾಂಬರಿಗೆ ಹತ್ತಿರ ಕೂತವರಿಗೆ ಆ ಕಾವು ಇನ್ನೂ ಜಾಸ್ತಿ. ಬೆಳಿಗ್ಗೆ ಏಳು ಗಂಟೆಯೊಳಗೆ ಮನೆ ಸೇರಿ. ಮಳೆಗಾಲದಲ್ಲಿ ಎರಿ ಮಣ್ಣಿನ ದಾರಿಗೆ ಇಳಿಯಲೇಬೇಡಿ. ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಮೂರೂ ಗಾಲಿ ನಿಲ್ಲುತ್ತವೆ, ಆಮೇಲೆ ಇಳಿದು ಎಳೆಯಬೇಕಾದವರು ನೀವೇ.

ಪಂಚರ್ ಮತ್ತು ಚೈನು

ಮುಂದಿನ ಗಾಲಿಗಳು ಸಾಮಾನ್ಯವಾಗಿ 20 ಇಂಚಿನವು. ಟೈರಿನ ಪಕ್ಕ 406 ಅಂತ ಇದೆಯಾ ನೋಡಿ. 20 ಇಂಚಿನಲ್ಲೇ 451 ಅನ್ನುವ ಬೇರೆ ಅಳತೆಯೂ ಇದೆ, ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. 406 ಆದರೆ ಮಕ್ಕಳ ಸೈಕಲ್ಲಿನ ಟ್ಯೂಬ್ ಸಿಗುವ ಅಂಗಡಿಯಲ್ಲೇ ಕೆಲಸ ಆಗುತ್ತದೆ. ಚೈನು ಸಾಮಾನ್ಯ ಸೈಕಲ್ಲಿಗಿಂತ ಎರಡೂವರೆ, ಮೂರು ಪಟ್ಟು ಉದ್ದ, ಧೂಳು ಒರೆಸಿ ಎಣ್ಣೆ ಹಾಕಲು ಅಷ್ಟೇ ಹೊತ್ತು ಬೇಕು. ಕೆಳಗೆ ಬಗ್ಗಬೇಡಿ. ಗಾಡಿಯನ್ನು ಕಟ್ಟೆಯ ಮೇಲೆ ಇಡಿಸಿಕೊಂಡು, ಸ್ಟೂಲ್ ಮೇಲೆ ಕೂತು ಮಾಡಿ.

ಮೊದಲ ಪಂಚರ್ ಆದಾಗ ನಮ್ಮ ಓಣಿಯ ಅಂಗಡಿ ಹುಡುಗ ಗಾಡಿಯ ಸುತ್ತ ಎರಡು ಸುತ್ತು ಬಂದ. ಮುಂದಿನ ಗಾಲಿಗೆ ಆಕ್ಸಲ್ ಹಿಡಿತ ಒಂದೇ ಕಡೆ, ಇನ್ನೊಂದು ಕಡೆ ಪೂರಾ ಖಾಲಿ. ಟೈರನ್ನು ಅಲ್ಲಿಂದಲೇ ಎಬ್ಬಿಸಿ ಟ್ಯೂಬ್ ಎಳೆಯಬಹುದು. "ಅಣ್ಣಾ, ಗಾಲಿ ಬಿಚ್ಚೋದೇ ಬ್ಯಾಡೇನ್ರಿ ಇದಕ್ಕ?" ಅಂದ. ಬೇಡ. ಗಾಡಿಯನ್ನು ಸ್ವಲ್ಪ ಒರಗಿಸಿ ಆ ಗಾಲಿ ಮೇಲೆ ಬರುವಂತೆ ಹಿಡಿದರೆ ಸಾಕು. ಒರಗಿಸುವ ಕೆಲಸ ಅವನಿಗೇ ಬಿಡಿ, ನೀವು ಪಕ್ಕದಲ್ಲಿ ನಿಂತು ಹೇಳಿಕೊಡಿ.